ಬೆರೆಟ್ಟಾ: ಅಂಗೈಯೊಳಗಿನ ಆಯುಧ

ಉತ್ತರ ಇಟಲಿಯ ಬ್ರೆಷಿಯಾ ನಗರದ ಬಳಿ, ಬೆಟ್ಟಗಳ ನಡುವೆ ಗಾರ್ಡೋನೆ ಎಂಬ ಊರಿದೆ. ಅಲ್ಲಿಯ ಬಾರ್ತೊಲೊಮಿಯೊ ಬೆರೆಟ್ಟಾ ಎಂಬಾತನು 1526ರಲ್ಲಿ ವೆನಿಸ್ ಗಣರಾಜ್ಯಕ್ಕೆ 185 ಬಂದೂಕಿನ ನಳಿಗೆಗಳನ್ನು ಒದಗಿಸಿ 296 ಡುಕಾಟ್ ನಾಣ್ಯಗಳನ್ನು ಪಡೆದನು. ಆ ಮನೆತನದ ಕಸುಬು ಇಂದಿಗೂ ನಿಂತಿಲ್ಲ.

ಪಿಸ್ತೂಲಿನ ಸರದಿ ಬಂದುದು ಮೊದಲನೆಯ ಮಹಾಯುದ್ಧದಲ್ಲಿ. ಸೈನ್ಯದ ತುರ್ತಿಗಾಗಿ ತುಲ್ಲಿಯೊ ಮಾರೆಂಗೋನಿ 1915ರಲ್ಲಿ ರೂಪಿಸಿದ ಮಾದರಿಯೇ ಈ ಪರಂಪರೆಯ ಮೂಲ. 1923ರಲ್ಲಿ ಹೊಡೆಯುವ ಸುತ್ತಿಗೆ ಹೊರಗೆ ಕಾಣುವಂತಾಯಿತು. ಇಂತಹ ತಿದ್ದುಪಾಟುಗಳ ಫಲವೇ 1934ರ ಮಾದರಿ. ಉದ್ದ ಸುಮಾರು 15 ಸೆಂಟಿಮೀಟರು. ಹಿಡಿಯೊಳಗೆ 7 ಗುಂಡು. ಗುಂಡು ಹಾರಿದ ರಭಸವೇ ಮೇಲಿನ ಜಾರುಭಾಗವನ್ನು ಹಿಂದಕ್ಕೆ ತಳ್ಳಿ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಸ್ಪ್ರಿಂಗು ಅದನ್ನು ಮರಳಿ ಮುಂದೂಡಿದಾಗ ಹೊಸ ತೋಟಾ ನಳಿಗೆ ಸೇರುತ್ತದೆ. ಜಾರುಭಾಗದ ನೆತ್ತಿ ತೆರೆದಿರುವುದರಿಂದ ಖಾಲಿ ತೋಟಾ ಸಿಕ್ಕಿಕೊಳ್ಳುವುದು ಅಪರೂಪ. ಬಿಡಿಭಾಗಗಳು ಕಡಿಮೆ, ಕೆಡುವ ಭಯವೂ ಕಡಿಮೆ.

ಈ ನಂಬಿಕಸ್ತ ಯಂತ್ರವನ್ನು ಭಾರತ ಮರೆಯಲಾರದು. 1948ರ ಜನವರಿ 30ರ ಸಂಜೆ, ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಭೂಮಿಯಲ್ಲಿ ನಾಥೂರಾಮ ಗೋಡ್ಸೆಯ ಕೈಯಲ್ಲಿದ್ದುದು ಇದೇ ಮಾದರಿ, 606824ನೆಯ ಸಂಖ್ಯೆಯದು. ಇಟಲಿಯ ಸೈನಿಕನ ಸೊಂಟಕ್ಕೆಂದು ರೂಪುಗೊಂಡ ಆಯುಧದ ಮೂರು ಗುಂಡುಗಳಿಗೆ ಅಂದು ಅಹಿಂಸೆಯ ಪ್ರವರ್ತಕರಾದ ಮಹಾತ್ಮರು ಬಲಿಯಾದರು.