ಒಂದು ಡಾಲರ್ ಸಂಬಳದ ಕೋಚ್

ಅಮೆರಿಕದ ಕಾಲೇಜು ಬೇಸ್‌ಬಾಲ್‌ನ ಅಗ್ರ ವಿಭಾಗದಲ್ಲಿ ರಾಡ್ ಡೀಡೊ ಅವರಷ್ಟು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದ ತರಬೇತುದಾರ ಮತ್ತೊಬ್ಬರಿಲ್ಲ. ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ ಅವರು 1942ರಲ್ಲಿ ಕೋಚ್ ಆದರು, 1986ರಲ್ಲಿ ನಿವೃತ್ತರಾದರು. ಅಷ್ಟರಲ್ಲಿ ತಂಡ 1,332 ಪಂದ್ಯಗಳನ್ನೂ 11 ರಾಷ್ಟ್ರೀಯ ಪ್ರಶಸ್ತಿಗಳನ್ನೂ ಗೆದ್ದಿತ್ತು. ಈ ಕೆಲಸಕ್ಕೆ ಅವರು ಪಡೆಯುತ್ತಿದ್ದ ಸಂಬಳ ಹೆಸರಿಗಷ್ಟೇ: ವರ್ಷಕ್ಕೆ ಒಂದು ಡಾಲರ್.

ಡೀಡೊ ಹುಟ್ಟಿದ್ದು 1914ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಬೆಳೆದು ಓದಿದ್ದು ಕ್ಯಾಲಿಫೋರ್ನಿಯಾದಲ್ಲಿ. ಮುಂದೆ ತಾವೇ ಕೋಚ್ ಆದ ವಿಶ್ವವಿದ್ಯಾಲಯದಲ್ಲಿ ಓದುತ್ತ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಸ್ಥಾನದಲ್ಲಿ ಆಡಿದರು. 1935ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮ್ಯಾನೇಜರ್ ಕೇಸಿ ಸ್ಟೆಂಗೆಲ್, ಡೀಡೊ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಆದರೆ ಅಗ್ರ ಲೀಗ್‌ನಲ್ಲಿ ಅವರು ಆಡಿದ್ದು ಎರಡೇ ಪಂದ್ಯ. ಬೆನ್ನಿನ ಪೆಟ್ಟು ವೃತ್ತಿ ಆಟಗಾರನಾಗುವ ಕನಸನ್ನು ಮುರಿಯಿತು. ಡೀಡೊ ಸಣ್ಣ ಬಂಡವಾಳದಲ್ಲಿ ಲಾರಿ ಸಾಗಣೆಯ ಕಂಪನಿ ತೆರೆದರು. ಅದು ಚೆನ್ನಾಗಿ ಬೆಳೆಯಿತು. ಮನೆ ನಡೆಸಲು ಕೋಚ್ ಕೆಲಸವನ್ನು ನೆಚ್ಚಿಕೊಳ್ಳುವ ಅಗತ್ಯ ಬೀಳದಿದ್ದುದು ಈ ಲಾರಿಗಳಿಂದಲೇ. ಆಟ ಕಲಿಸುವುದರಲ್ಲಿ ಅವರಿಗಿದ್ದ ನೆಮ್ಮದಿಗೂ ಇದೇ ಬುನಾದಿಯಾಗಿದ್ದಿರಬೇಕು.

ಎರಡನೇ ಮಹಾಯುದ್ಧದ ಸಮಯದಲ್ಲಿ ವಿಶ್ವವಿದ್ಯಾಲಯದ ಕೋಚ್ ಸ್ಯಾಮ್ ಬ್ಯಾರಿ ನೌಕಾದಳಕ್ಕೆ ಹೋದಾಗ ತಂಡದ ಹೊಣೆ ಡೀಡೊ ಅವರ ಹೆಗಲಿಗೆ ಬಂತು. ಯುದ್ಧ ಮುಗಿದ ಮೇಲೆ ಇಬ್ಬರೂ ಜಂಟಿಯಾಗಿ ತಂಡ ನಡೆಸಿದರು. 1948ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂತು. ಫೈನಲ್‌ನಲ್ಲಿ ಸೋತ ಯೇಲ್ ತಂಡದ ಫಸ್ಟ್ ಬೇಸ್‌ನಲ್ಲಿ ನಿಂತಿದ್ದವರು ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯು. ಬುಷ್. 1951ರಿಂದ ಡೀಡೊ ಒಬ್ಬರೇ ಮುಖ್ಯ ಕೋಚ್.

ಡೀಡೊ ಕಾಲದಲ್ಲಿ ಕಾಲೇಜು ಕೋಚ್‌ನ ಕೆಲಸ ವೃತ್ತಿ ತಂಡ ಕಟ್ಟುವ ಕೆಲಸದಂತಿರಲಿಲ್ಲ. ಆಟಗಾರರನ್ನು ಕೊಳ್ಳುವಂತಿರಲಿಲ್ಲ, ಬೇರೆ ತಂಡದೊಡನೆ ಅದಲುಬದಲು ಮಾಡುವಂತಿರಲಿಲ್ಲ. ಶಾಲೆಗಳಲ್ಲಿ ಆಡುವ ಹುಡುಗರನ್ನು ಗುರುತಿಸಿ, ಮನೆಯವರನ್ನು ಒಪ್ಪಿಸಿ, ವಿದ್ಯಾರ್ಥಿವೇತನ ಹೊಂದಿಸಿ ಕರೆತರಬೇಕಿತ್ತು. ಅವರು ಚೆನ್ನಾಗಿ ಪಳಗುವ ಹೊತ್ತಿಗೆ ವೃತ್ತಿ ತಂಡಗಳು ಎಳೆದುಕೊಳ್ಳುತ್ತಿದ್ದವು. ಟಾಮ್ ಸೀವರ್ ಇದಕ್ಕೆ ಒಳ್ಳೆಯ ಉದಾಹರಣೆ. ಫ್ರೆಸ್ನೊದ ಈ ಹುಡುಗನನ್ನು 1964ರ ಬೇಸಿಗೆಯಲ್ಲಿ ಅಲಾಸ್ಕಾದ ಒಂದು ತಂಡಕ್ಕೆ ಆಡಲು ಕಳಿಸಿ, ಕೈಚಳಕ ಎಷ್ಟಿದೆಯೆಂದು ನೋಡಿದ ಮೇಲೆಯೇ ಡೀಡೊ ವಿದ್ಯಾರ್ಥಿವೇತನ ಕೊಟ್ಟರು. ಡೀಡೊ ತಂಡದಲ್ಲಿ ಸೀವರ್ ಆಡಿದ್ದು ಒಂದೇ ಋತು. 1966ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪಾಲಾಗಿ, ಅಮೆರಿಕದ ಶ್ರೇಷ್ಠ ಪಿಚರ್‌ಗಳಲ್ಲಿ ಒಬ್ಬರೆನಿಸಿದರು. ಪಿಚರ್ ಎಂದರೆ ನಮ್ಮ ಕ್ರಿಕೆಟ್‌ನ ಬೌಲರ್‌ನ ಜಾಗದಲ್ಲಿರುವವರು. ಮಾರ್ಕ್ ಮೆಕ್‌ಗ್ವಾಯರ್ ಪಿಚರ್ ಆಗಿ ಬಂದು ಬ್ಯಾಟ್ ಹಿಡಿದು ಬೆಳೆದವರು; 1984ರ ಒಂದೇ ಋತುವಿನಲ್ಲಿ 32 ಹೋಮ್‌ರನ್ (ಕ್ರಿಕೆಟ್‌ನ ಸಿಕ್ಸರ್‌ನಂಥ ಹೊಡೆತ) ಬಾರಿಸಿದರು. ಮುಂದೆ ಅಗ್ರ ಲೀಗ್‌ನಲ್ಲಿ ಹೆಸರಾದ ಫ್ರೆಡ್ ಲಿನ್, ರ‍್ಯಾಂಡಿ ಜಾನ್ಸನ್ ಕೂಡ ಇದೇ ಗರಡಿಯವರು.

ಡೀಡೊ ಎಲ್ಲರನ್ನೂ ‘ಟೈಗರ್’ ಎಂದೇ ಕರೆಯುತ್ತಿದ್ದರು. ಮಾತು ನಗುನಗುತ್ತ ಇದ್ದರೂ ಪಾಠ ಕಟ್ಟುನಿಟ್ಟು. ಕೈಜಾರಿ ಚೆಂಡು ಬಿಟ್ಟರೆ ಕ್ಷಮೆಯಿತ್ತು. ಗಮನ ತಪ್ಪಿ ಎಡವಿದರೆ ಇರಲಿಲ್ಲ. ಯಾವ ಬೇಸ್‌ಗೆ ಎಸೆಯಬೇಕು, ಯಾವಾಗ ಓಡಬೇಕು ಎಂಬುದು ಚೆಂಡು ಬರುವ ಮೊದಲೇ ಆಟಗಾರನ ತಲೆಯಲ್ಲಿರಬೇಕು ಎಂಬುದು ಅವರ ಪಟ್ಟು.

ಈ ಶಿಕ್ಷಣದ ಫಲ ಎದ್ದು ಕಂಡದ್ದು 1970ರಿಂದ 1974ರವರೆಗೆ. ರಾಷ್ಟ್ರೀಯ ಪ್ರಶಸ್ತಿಯನ್ನು ನಿರ್ಧರಿಸುವ, ಓಮಾಹಾ ನಗರದಲ್ಲಿ ನಡೆಯುವ ಕಾಲೇಜ್ ವರ್ಲ್ಡ್ ಸೀರೀಸನ್ನು ತಂಡ ಸತತ ಐದು ವರ್ಷ ಗೆದ್ದಿತು. 1973ರ ಸೆಮಿಫೈನಲ್ ಇಂದಿಗೂ ನೆನಪಿನಲ್ಲಿರುವ ಪಂದ್ಯ. ಮಿನ್ನೆಸೋಟ ವಿಶ್ವವಿದ್ಯಾಲಯದ ಪಿಚರ್ ಡೇವ್ ವಿನ್‌ಫೀಲ್ಡ್ ಎಸೆತಕ್ಕೆ ಡೀಡೊ ಹುಡುಗರು ತತ್ತರಿಸಿ, ಕೊನೆಯ ಒಂಬತ್ತನೇ ಇನಿಂಗ್ಸ್ ಶುರುವಾಗುವಾಗ 0-7ರಿಂದ ಹಿಂದಿದ್ದರು. ಒಂದು ತಂಡ ಪೂರ್ತಿ ಪಂದ್ಯದಲ್ಲೇ ಸಾಮಾನ್ಯವಾಗಿ ಐದಾರು ರನ್ ಗಳಿಸುವ ಆಟದಲ್ಲಿ ಇದು ಸೋತೇ ಹೋದ ಪಂದ್ಯ. ಅವರು ಅದೊಂದೇ ಇನಿಂಗ್ಸ್‌ನಲ್ಲಿ ಎಂಟು ರನ್ ಗಳಿಸಿ 8-7ರಿಂದ ಗೆದ್ದರು.

ಡೀಡೊ ಅವರ ಇನ್ನೊಂದು ಒಲವು ಬೇಸ್‌ಬಾಲ್ ಅಮೆರಿಕದಾಚೆ ಹರಡಬೇಕೆಂಬುದು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಪಂದ್ಯವಾಡಿದ ಅಮೆರಿಕ ತಂಡಕ್ಕೆ ಅವರೇ ಕೋಚ್. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ತಂಡ ಅವರದೇ. ಫೈನಲ್‌ನಲ್ಲಿ ಜಪಾನ್ 6-3ರಿಂದ ಗೆದ್ದಿತು. ಆಗಲೂ ಅದು ಪ್ರದರ್ಶನ ಕ್ರೀಡೆಯೇ; ಒಲಿಂಪಿಕ್ಸ್‌ನಲ್ಲಿ ಬೇಸ್‌ಬಾಲ್‌ಗೆ ಅಧಿಕೃತ ಪದಕ ಸಿಕ್ಕಿದ್ದು 1992ರಲ್ಲಿ.

ಡೀಡೊ 2006ರಲ್ಲಿ, 91ನೇ ವಯಸ್ಸಿನಲ್ಲಿ ನಿಧನರಾದರು. ಗೆಲುವಿನ ಸಂಖ್ಯೆಯಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಕೋಚ್ ಕ್ಲಿಫ್ ಗಸ್ಟಾಫ್‌ಸನ್ 1994ರಲ್ಲೇ ಅವರನ್ನು ದಾಟಿದ್ದರು. ಅಗ್ರ ವಿಭಾಗದಲ್ಲಿ 11 ಪ್ರಶಸ್ತಿಗಳ ಹತ್ತಿರಕ್ಕೆ ಮಾತ್ರ ಯಾರೂ ಬಂದಿಲ್ಲ. ವಿಶ್ವವಿದ್ಯಾಲಯಕ್ಕೆ 12ನೇ ಪ್ರಶಸ್ತಿ ತಂದುಕೊಟ್ಟದ್ದು 1998ರಲ್ಲಿ ಅವರ ಉತ್ತರಾಧಿಕಾರಿ ಮೈಕ್ ಗಿಲೆಸ್ಪಿ. 1961ರಲ್ಲಿ ಪ್ರಶಸ್ತಿ ಗೆದ್ದ ಡೀಡೊ ತಂಡದಲ್ಲಿ ಆಡಿದ್ದವರು ಈ ಗಿಲೆಸ್ಪಿ.