ಅಡಗಿದ್ದ ಬಣ್ಣ: ಹೂವರ್ ಕುಟುಂಬದ ಚಲಚ್ಚಿತ್ರ ಸುರುಳಿಗಳು ಮತ್ತು ಆಕರದ ಓದು

ಸಂಶೋಧನೆಯಲ್ಲಿ ಆಕರಗಳ ಶೋಧಕ್ಕೆ ಇರುವಷ್ಟೇ ಮಹತ್ವ ಅವುಗಳ ಮರುಪರಿಶೀಲನೆಗೂ ಇದೆ. ಭಂಡಾರವನ್ನು ಸೇರಿ ಸುರಕ್ಷಿತವಾಗಿರುವ ಆಕರವೂ ತನ್ನೊಳಗಿನ ಮುಖ್ಯಾಂಶವನ್ನು ಬಿಟ್ಟುಕೊಡದೆ ದೀರ್ಘಕಾಲ ಉಳಿದಿರಬಹುದು. ಅಮೆರಿಕದ 31ನೆಯ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಕುಟುಂಬಕ್ಕೆ ಸಂಬಂಧಿಸಿದ 7 ಚಲಚ್ಚಿತ್ರ ಸುರುಳಿಗಳು ಇದಕ್ಕೆ ಒಳ್ಳೆಯ ನಿದರ್ಶನ. ಕಪ್ಪುಬಿಳುಪಿನವು ಎಂದೇ ಭಾವಿಸಲಾಗಿದ್ದ ಈ ಸುರುಳಿಗಳಲ್ಲಿ ಬಣ್ಣವಿದೆ ಎಂಬ ಸಂಗತಿ 2017ರಲ್ಲಿ ಸಾರ್ವಜನಿಕರಿಗೆ ತಿಳಿಯಿತು. ಈ ಪ್ರಸಂಗ ಚಲಚ್ಚಿತ್ರ ಚರಿತ್ರೆಗೆ ಮಾತ್ರ ಸೀಮಿತವಾದುದಲ್ಲ. ಆಕರದ ಭೌತಿಕ ಸ್ವರೂಪಕ್ಕೂ ಅದರ ಅರ್ಥಕ್ಕೂ ಇರುವ ಸಂಬಂಧವನ್ನು ಇದು ಸ್ಪಷ್ಟಪಡಿಸುತ್ತದೆ.

1

ಹೂವರ್ 1929ರಿಂದ 1933ರವರೆಗೆ ಅಧ್ಯಕ್ಷರಾಗಿದ್ದರು. ಅವರ ಹುಟ್ಟೂರು ಅಯೋವಾ ರಾಜ್ಯದ ವೆಸ್ಟ್ ಬ್ರಾಂಚ್. ಅಲ್ಲಿ 1962ರಲ್ಲಿ ಆರಂಭವಾದ ಅಧ್ಯಕ್ಷೀಯ ಗ್ರಂಥಾಲಯದಲ್ಲಿ ಈ ಸುರುಳಿಗಳಿವೆ. ಇವನ್ನು ಚಿತ್ರೀಕರಿಸಿದವರು ಅಧ್ಯಕ್ಷರ ಪತ್ನಿ ಲೂ ಹೆನ್ರಿ ಹೂವರ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ 1898ರಲ್ಲಿ ಭೂವಿಜ್ಞಾನದ ಪದವಿ ಪಡೆದ ಆಕೆ, ಗಣಿಗಾರಿಕೆಯನ್ನು ಕುರಿತ ಅಗ್ರಿಕೋಲನ ಲ್ಯಾಟಿನ್ ಗ್ರಂಥವನ್ನು ಪತಿಯೊಂದಿಗೆ ಸೇರಿ ಇಂಗ್ಲಿಷಿಗೆ ಅನುವಾದಿಸಿ 1912ರಲ್ಲಿ ಪ್ರಕಟಿಸಿದ ವಿದುಷಿ. ಛಾಯಾಗ್ರಹಣ ಆಕೆಗೆ ಎಳವೆಯಿಂದಲೇ ಬಂದ ಹವ್ಯಾಸವಾಗಿತ್ತು.

ಸುರುಳಿಗಳಲ್ಲಿ ಶ್ವೇತಭವನದ ಉದ್ಯಾನ, ಮನೆಯ ನಾಯಿಗಳು, ಮೊಮ್ಮಕ್ಕಳು, ಮೀನು ಹಿಡಿಯುವ ವಿಹಾರ ಮೊದಲಾದ ದೃಶ್ಯಗಳಿವೆ. 'ಹೂವರ್‌ಬಾಲ್' ಎಂಬ ಆಟದ ದೃಶ್ಯವೂ ಇದೆ. ಅಧ್ಯಕ್ಷರ ದೇಹಾರೋಗ್ಯಕ್ಕಾಗಿ ಶ್ವೇತಭವನದ ವೈದ್ಯ ಜೋಯೆಲ್ ಬೂನ್ ರೂಪಿಸಿದ ಈ ಆಟದಲ್ಲಿ ಸುಮಾರು 6 ಪೌಂಡು ತೂಕದ ಚೆಂಡನ್ನು 8 ಅಡಿ ಎತ್ತರದ ಬಲೆಯ ಮೇಲಿಂದ ಎಸೆದು ಹಿಡಿಯಬೇಕಾಗಿತ್ತು.

2

ಈ ಸುರುಳಿಗಳ ಬಣ್ಣ ಕಣ್ಣಿಗೆ ಬೀಳದೆ ಹೋದುದಕ್ಕೆ ಕಾರಣ ಅವುಗಳ ತಾಂತ್ರಿಕ ರಚನೆಯಲ್ಲಿಯೇ ಇದೆ. ಈಸ್ಟ್‌ಮನ್ ಕೊಡಾಕ್ ಸಂಸ್ಥೆ ಹವ್ಯಾಸಿಗಳಿಗಾಗಿ 1928ರಲ್ಲಿ 'ಕೊಡಾಕಲರ್' ಎಂಬ 16 ಮಿಲಿಮೀಟರ್ ಫಿಲ್ಮನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಬಣ್ಣದ ರಾಸಾಯನಿಕ ದ್ರವ್ಯ ಯಾವುದೂ ಇರಲಿಲ್ಲ. ಫಿಲ್ಮಿನ ಮೇಲಿದ್ದುದು ಕಪ್ಪುಬಿಳುಪಿನ ಲೇಪ ಮಾತ್ರ. ಆದರೆ ಅದರ ಹಿಂಬದಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಉಬ್ಬುಗೆರೆಗಳನ್ನು ಒತ್ತಲಾಗಿತ್ತು. ಒಂದು ಮಿಲಿಮೀಟರ್ ಅಗಲದಲ್ಲಿ 20ಕ್ಕೂ ಹೆಚ್ಚು ಇರುವ ಈ ಗೆರೆಗಳಲ್ಲಿ ಪ್ರತಿಯೊಂದೂ ಒಂದು ಪುಟ್ಟ ಮಸೂರದಂತೆ ಕೆಲಸ ಮಾಡುತ್ತಿತ್ತು.

ಚಿತ್ರೀಕರಿಸುವಾಗ ಕ್ಯಾಮರಾದ ಮಸೂರಕ್ಕೆ ಕೆಂಪು, ಹಸಿರು, ನೀಲಿ ಪಟ್ಟಿಗಳುಳ್ಳ ಶೋಧಕವನ್ನು ಅಳವಡಿಸಬೇಕಾಗಿತ್ತು. ವಸ್ತುವಿನಿಂದ ಬಂದ ಬೆಳಕು ಈ ಮೂರು ಪಟ್ಟಿಗಳಲ್ಲಿ ವಿಂಗಡಗೊಂಡು, ಪ್ರತಿಯೊಂದು ಉಬ್ಬುಗೆರೆಯ ಹಿಂದೆಯೂ ಮೂರು ಎಳೆಗಳಾಗಿ ಲೇಪದ ಮೇಲೆ ಬೀಳುತ್ತಿತ್ತು. ಹೀಗೆ ಬಣ್ಣವು ಬಣ್ಣವಾಗಿ ಅಲ್ಲದೆ, ಕಪ್ಪಿನ ತರತಮವಾಗಿ, ಸ್ಥಾನದ ಸಂಕೇತವಾಗಿ ದಾಖಲಾಗುತ್ತಿತ್ತು. ಅಂತಹುದೇ ಶೋಧಕವಿರುವ ಪ್ರಕ್ಷೇಪಕದ ಮೂಲಕ ತೋರಿಸಿದಾಗ ಮಾತ್ರ ತೆರೆಯ ಮೇಲೆ ಬಣ್ಣ ಮೂಡುತ್ತಿತ್ತು. ಸಾಮಾನ್ಯ ಪ್ರಕ್ಷೇಪಕದಲ್ಲಿ ಅದೇ ಸುರುಳಿ ಕಪ್ಪುಬಿಳುಪಿನ ಚಿತ್ರ. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲ್ಮಿನಲ್ಲಿ ಬಣ್ಣ ಲೇಪದಲ್ಲಿಯೇ ಉಳಿಯುತ್ತಿದ್ದುದರಿಂದ ಕೊಡಾಕಲರ್ ಬಳಕೆಯಿಂದ ಮರೆಯಾಯಿತು. ಶೋಧಕಗಳು ಮೂಲೆ ಸೇರಿದವು. ಫಿಲ್ಮು ಉಳಿಯಿತು, ಅದನ್ನು ಓದುವ ಕೀಲಿಕೈ ಉಳಿಯಲಿಲ್ಲ.

ಓಲೆಗರಿಗಳೊಡನೆ ಒಡನಾಟವಿರುವ ಕನ್ನಡ ಸಂಶೋಧಕರಿಗೆ ಈ ಸ್ಥಿತಿ ಅಪರಿಚಿತವಲ್ಲ. ಕಂಠದಿಂದ ಕೊರೆದ ಅಕ್ಷರ ಮಸಿ ಸವರುವವರೆಗೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಬರಹ ಗರಿಯಲ್ಲಿದೆ, ಆದರೆ ಬರಿಗಣ್ಣಿನ ಓದಿಗೆ ದಕ್ಕುವುದಿಲ್ಲ. ಖಾಲಿ ಗರಿ ಎಂದು ಬದಿಗಿಟ್ಟರೆ ತಪ್ಪು ಗರಿಯದಲ್ಲ, ನೋಡಿದವರದು.

3

ಗ್ರಂಥಾಲಯದ ದಾಖಲೆಪಾಲಕರು ಈ ಸುರುಳಿಗಳು ಕೊಡಾಕಲರ್ ಆಗಿರಬಹುದೆಂದು ಗುರುತಿಸಿದ ಮೇಲೆ, ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಸಂರಕ್ಷಣಾ ಪ್ರತಿಷ್ಠಾನದ ಅನುದಾನದಿಂದ ಅವುಗಳ ಪುನರುದ್ಧಾರ ನಡೆಯಿತು. ಇಂತಹ ಫಿಲ್ಮಿನ ಪ್ರತಿ ತೆಗೆಯುವಾಗ ಒಂದೊಂದು ಉಬ್ಬುಗೆರೆಯೂ ಬೇರೆಬೇರೆಯಾಗಿ ಕಾಣುವಷ್ಟು ಸೂಕ್ಷ್ಮತೆ ಬೇಕು. ಆಗ ಮಾತ್ರ ಅದರ ಹಿಂದಿನ ಮೂರು ಎಳೆಗಳಿಂದ ಮೂರು ಬಣ್ಣಗಳ ಪ್ರಮಾಣವನ್ನು ಗಣಕಯಂತ್ರದ ಮೂಲಕ ಲೆಕ್ಕಹಾಕಬಹುದು. ಸಾಮಾನ್ಯ ಗುಣಮಟ್ಟದ ಪ್ರತಿಯಲ್ಲಿ ಈ ಎಳೆಗಳು ಒಂದರಲ್ಲೊಂದು ಬೆರೆತುಹೋಗುತ್ತವೆ. ಅಂತಹ ಪ್ರತಿಯನ್ನು ತೆಗೆದು, ಕೆಲಸ ಮುಗಿಯಿತೆಂದು ಮೂಲವನ್ನು ಕೈಬಿಟ್ಟಿದ್ದರೆ ಬಣ್ಣ ಶಾಶ್ವತವಾಗಿ ಅಳಿಯುತ್ತಿತ್ತು. ಅಳಿದುದೇನೆಂಬುದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸುವುದು ಅಗತ್ಯ. 1971ರ ಕನ್ನಡ ಚಿತ್ರ 'ಕಸ್ತೂರಿ ನಿವಾಸ' 2014ರಲ್ಲಿ ವರ್ಣರೂಪದಲ್ಲಿ ಮರುಬಿಡುಗಡೆಯಾಯಿತು. ಅಲ್ಲಿ ಕಪ್ಪುಬಿಳುಪಿನ ಮೂಲಕ್ಕೆ ಬಣ್ಣವನ್ನು ಹೊರಗಿನಿಂದ ಸೇರಿಸಲಾಗಿದೆ. ಹೂವರ್ ಸುರುಳಿಗಳಲ್ಲಿ ಮೂಲದಲ್ಲಿಯೇ ಇದ್ದ ಬಣ್ಣವನ್ನು ಹೊರತೆಗೆಯಲಾಗಿದೆ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಊಹಾಪಾಠಕ್ಕೆ ಸಮೀಪವಾದುದು, ಎರಡನೆಯದು ಹಸ್ತಪ್ರತಿಯ ಓದು. ಹಾಗೆಂದು ಎರಡನೆಯದರಲ್ಲಿ ಸಂಪಾದಕನ ಪಾತ್ರ ಇಲ್ಲವೆಂದಲ್ಲ. ಬಣ್ಣಗಳ ಸಮತೋಲನ, ಮಾಸಿದ ಭಾಗಗಳ ತಿದ್ದುಪಡಿ ಇವುಗಳಲ್ಲಿ ಆಯ್ಕೆ ಇದ್ದೇ ಇರುತ್ತದೆ. ಪಾಠಾಂತರಗಳನ್ನು ನಮೂದಿಸುವಂತೆ ಆ ಆಯ್ಕೆಗಳನ್ನೂ ದಾಖಲಿಸಬೇಕಾಗುತ್ತದೆ.

4

ಹೀಗೆ ದೊರೆತ ಬಣ್ಣದಿಂದ ಚರಿತ್ರೆಯ ತಿಳಿವಳಿಕೆಗೆ ಆದ ಲಾಭವೇನು ಎಂಬ ಪ್ರಶ್ನೆ ಸಹಜ. ಶ್ವೇತಭವನದ ಬಣ್ಣದ ಚಲಚ್ಚಿತ್ರಗಳಲ್ಲಿ ತಿಳಿದಿರುವ ಅತ್ಯಂತ ಹಳೆಯವು ಎಂಬ ಗೌರವ ಇವುಗಳಿಗೆ ಸಂದಿದೆ. ಅದಕ್ಕಿಂತ ಮುಖ್ಯವಾದುದು ಚಿತ್ರಿಸಿದವರ ಉದ್ದೇಶ. ಉದ್ಯಾನದ ಹೂಗಳತ್ತ ಕ್ಯಾಮರಾ ತಿರುಗಿಸಿದ ಲೂ ಹೂವರ್ ಬಣ್ಣಕ್ಕಾಗಿಯೇ ಅದನ್ನು ತಿರುಗಿಸಿರಬೇಕು. ಕಪ್ಪುಬಿಳುಪಿನಲ್ಲಿ ನಿರರ್ಥಕವೆನಿಸುವ ದೃಶ್ಯ, ಬಣ್ಣ ಮರಳಿದಾಗ ತನ್ನ ಕಾರಣವನ್ನು ತಾನೇ ಹೇಳುತ್ತದೆ. 'ಅಧ್ಯಕ್ಷರ ಕುಟುಂಬದ ಚಿತ್ರಗಳು' ಎಂಬ ಸಾಮಾನ್ಯ ಹೆಸರಿನಡಿ ಮರೆಯಾಗಬಹುದಾದ ಮಹಿಳೆಯೊಬ್ಬರ ಕರ್ತೃತ್ವ ಇದರಿಂದ ಮುನ್ನೆಲೆಗೆ ಬರುತ್ತದೆ.

ಆದರೆ ಬಣ್ಣದ ಆಕರ್ಷಣೆಗೆ ಸಂಶೋಧಕ ಒಳಗಾಗಬಾರದು. ಹೂವರ್ ಆಡಳಿತದ ಅವಧಿ ಮಹಾ ಆರ್ಥಿಕ ಕುಸಿತದ ಅವಧಿಯೂ ಹೌದು. ತಮಗೆ ಸಲ್ಲಬೇಕಾದ ಹಣವನ್ನು ಬೇಗ ಕೊಡಬೇಕೆಂದು ವಾಷಿಂಗ್ಟನ್‌ಗೆ ಬಂದು ಬಿಡಾರ ಹೂಡಿದ್ದ ಮೊದಲನೆಯ ಮಹಾಯುದ್ಧದ ಯೋಧರನ್ನು 1932ರ ಜುಲೈನಲ್ಲಿ ಸೈನ್ಯದ ಮೂಲಕ ಚದುರಿಸಲಾಯಿತು. ಮನೆಯವರ ಕ್ಯಾಮರಾ ನೋಡುವುದು ಮನೆಯನ್ನು. ಬೇಲಿಯ ಹೊರಗಿನ ಹಸಿವು ಅದರ ಚೌಕಟ್ಟಿಗೆ ಬರುವುದಿಲ್ಲ. ಆದುದರಿಂದ ಮೊಮ್ಮಕ್ಕಳ ನಡುವಿನ ಅಜ್ಜನ ಚಿತ್ರ ಆಡಳಿತಗಾರನ ಬಗೆಗಿನ ತೀರ್ಮಾನವನ್ನು ಬದಲಿಸುವ ಪುರಾವೆಯಲ್ಲ. ಚೌಕಟ್ಟಿನ ಒಳಗಿರುವುದರ ಜೊತೆಗೆ ಹೊರಗುಳಿದುದನ್ನೂ ಓದಿದಾಗಲೇ ಕೌಟುಂಬಿಕ ದಾಖಲೆ ಚಾರಿತ್ರಿಕ ಆಕರವಾಗುತ್ತದೆ.

ಒಟ್ಟಿನಲ್ಲಿ, ಆಕರದ ವಿಷಯವನ್ನು ವಿವರಿಸುವ ಮೊದಲು ಅದು ಯಾವ ವಸ್ತುವಿನ ಮೇಲೆ, ಯಾವ ವಿಧಾನದಿಂದ ದಾಖಲಾಗಿದೆ ಎಂಬುದನ್ನು ಅರಿಯಬೇಕೆಂಬುದು ಈ ಪ್ರಸಂಗದಿಂದ ಸಿದ್ಧವಾಗುತ್ತದೆ. ಹಸ್ತಪ್ರತಿಗಳನ್ನೂ ಹಳೆಯ ಧ್ವನಿ ಮತ್ತು ದೃಶ್ಯ ದಾಖಲೆಗಳನ್ನೂ ಗಣಕೀಕರಿಸುವ ಕೆಲಸ ಎಲ್ಲೆಡೆ ನಡೆಯುತ್ತಿರುವ ಈ ಕಾಲದಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ಪ್ರತಿ ಎಂಬುದು ಅದನ್ನು ತೆಗೆದ ಕಾಲದ ತಿಳಿವಳಿಕೆಯ ಮಟ್ಟಿಗಷ್ಟೇ ಪೂರ್ಣ. ಇಂದು ಕಾಣದಿರುವುದು ನಾಳೆಯ ಓದಿಗೆ ದಕ್ಕಬೇಕಾದರೆ ಮೂಲ ಉಳಿದಿರಲೇಬೇಕು.