ಹಳೆಯ ಬೋಟಿನ ಎಂಜಿನು

ಮಲ್ಪೆಯ ಧಕ್ಕೆಯಲ್ಲಿ ಹಳೆಯ ಮೀನುಗಾರಿಕೆ ಬೋಟೊಂದನ್ನು ಕೊಳ್ಳಲು ಹೊರಟವನ ಕಣ್ಣಿಗೆ ಮೊದಲು ಬೀಳುವುದು ಹೊಸದಾಗಿ ಬಳಿದ ಬಣ್ಣ. ಮಡದಿಯ ಒಡವೆಗಳನ್ನು ಒತ್ತೆಯಿಟ್ಟು ತಂದ ಹಣವನ್ನು ಅವನು ತೆರಬೇಕಾಗಿರುವುದಾದರೋ ಬಣ್ಣಕ್ಕಲ್ಲ; ಕೆಳಗೆ, ಎಣ್ಣೆಯ ವಾಸನೆ ತುಂಬಿದ ಕತ್ತಲ ಕೋಣೆಯಲ್ಲಿ ಕುಳಿತಿರುವ ಡೀಸೆಲ್ ಎಂಜಿನಿಗೆ. ದಡ ಕಾಣದಷ್ಟು ದೂರದಲ್ಲಿ ಅದು ನಿಂತುಹೋದರೆ ಗಾಳಿ ತಳ್ಳಿದತ್ತ ತೇಲುವುದಲ್ಲದೆ ಅನ್ಯ ಮಾರ್ಗವಿಲ್ಲ.

ಆದುದರಿಂದ ಅನುಭವಸ್ಥನಾದ ತಂಡೇಲನೊಬ್ಬನನ್ನು ಜೊತೆಗೆ ಕರೆದೊಯ್ಯುವುದು ಲೇಸು. ಎಂಜಿನ್ ಕೋಣೆಗೆ ಇಳಿದೊಡನೆ ಅವನು ಅದರ ಮೈಮೇಲೆ ಅಂಗೈಯಿಟ್ಟು ನೋಡುತ್ತಾನೆ. ಬೆಚ್ಚಗಿದ್ದರೆ, ಇವರು ಬರುವ ಮುನ್ನವೇ ಮಾರುವವನು ಅದನ್ನು ಓಡಿಸಿಟ್ಟಿದ್ದಾನೆ. ಒಳ್ಳೆಯ ಮನಸ್ಸಿನಿಂದಲೇ ಓಡಿಸಿರಬಹುದು; ಆದರೂ, "ನಾಳೆ ಬೆಳಿಗ್ಗೆ ಬರುತ್ತೇವೆ ಅಣ್ಣಾ, ಅಲ್ಲಿಯವರೆಗೆ ಮುಟ್ಟಬೇಡಿ" ಎಂದು ಹಿಂದಿರುಗುವುದೇ ಜಾಣತನ.

ಕಾರಣ ಸರಳವಾದುದು. ರುಡಾಲ್ಫ್ ಡೀಸೆಲನು 1897ರಲ್ಲಿ ಓಡಿಸಿ ತೋರಿಸಿದ ಈ ಜಾತಿಯ ಎಂಜಿನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಪಿಸ್ಟನ್ನಿನ ಉಂಗುರಗಳು ಸವೆದಿದ್ದರೆ ಒತ್ತಿದ ಗಾಳಿ ಸೋರಿಹೋಗಿ ಕಾವು ಸಾಲದಾಗುತ್ತದೆ. ಬಿಸಿಯಾಗಿರುವ ಎಂಜಿನು ಈ ಕೊರತೆಯನ್ನು ಮುಚ್ಚಿಕೊಳ್ಳಬಲ್ಲುದು, ತಣ್ಣಗಿರುವುದು ಮುಚ್ಚಿಕೊಳ್ಳಲಾರದು.

ಓಡಿಸುವ ಮುನ್ನ ಆಯಿಲಿನ ಅಳತೆಕಡ್ಡಿಯನ್ನು ಹೊರಗೆಳೆದು ನೋಡತಕ್ಕದ್ದು. ಆಯಿಲು ಕಪ್ಪಾಗಿದ್ದರೆ ಗಾಬರಿ ಬೇಡ. ಡೀಸೆಲ್ ಎಂಜಿನಿನಲ್ಲಿ ಅದು ಸಹಜ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡಿತೋ, ನೀರು ಒಳಹೊಕ್ಕಿದೆಯೆಂದೇ ತಿಳಿಯಬೇಕು. ಅದು ಕಡಲಿನ ಉಪ್ಪುನೀರಾಗಿದ್ದರೆ ಬೇರಿಂಗುಗಳು ಹೆಚ್ಚು ದಿನ ಬಾಳವು. ನಿನ್ನೆಯಷ್ಟೇ ತುಂಬಿದ ಹೊಚ್ಚಹೊಸ ಆಯಿಲಾದರೆ ಸಂಶಯಕ್ಕೆ ಇನ್ನೂ ಹೆಚ್ಚು ಎಡೆಯುಂಟು: ಹಳೆಯದು ಹೇಳಬಹುದಾಗಿದ್ದ ಕಥೆಯೆಲ್ಲ ಅದರೊಂದಿಗೇ ಚೆಲ್ಲಿಹೋಯಿತು.

ಅನಂತರ ಹೊಗೆ. ಮೊದಲಿಗೆ ತುಸು ಬಿಳಿ ಹೊಗೆ ಬಂದು ಮಾಯವಾದರೆ ದೋಷವೇನಲ್ಲ. ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೆ ಸಿಲಿಂಡರಿಗೆ ನೀರು ಸೇರುತ್ತಿದೆ. ನೀಲಿ ಹೊಗೆ ಆಯಿಲು ಸುಡುತ್ತಿರುವುದರ ಗುರುತು. ಅದು ದುಬಾರಿಯಾದ ಕಾಯಿಲೆ. ಕಪ್ಪು ಹೊಗೆ ಕಣ್ಣಿಗೆ ಭೀಕರವಾಗಿ ಕಂಡರೂ ಕೆಲವೊಮ್ಮೆ ಗಾಳಿಯ ಫಿಲ್ಟರು ಬದಲಿಸಿದಷ್ಟಕ್ಕೇ ಗುಣವಾಗುವುದುಂಟು.

ಧಕ್ಕೆಗೆ ಕಟ್ಟಿದಲ್ಲಿಯೇ ಗುರುಗುಟ್ಟುವ ಎಂಜಿನು ಅರ್ಧ ಪರೀಕ್ಷೆಗೆ ಮಾತ್ರ ಉತ್ತರ ಹೇಳುತ್ತದೆ. ಅಳಿವೆ ದಾಟಿಸಿ ಒಂದು ಗಂಟೆಯಾದರೂ ಓಡಿಸಬೇಕು. ಪೂರ್ತಿ ವೇಗದಲ್ಲಿ ತಯಾರಕರು ಸೂಚಿಸಿರುವಷ್ಟು ಸುತ್ತುಗಳನ್ನು ಅದು ಮುಟ್ಟಬೇಕು, ಕಾವಿನ ಮುಳ್ಳು ಒಂದೆಡೆ ನಿಲ್ಲಬೇಕು. ಮುಳ್ಳು ಏರುತ್ತಲೇ ಹೋದರೆ ತಂಪಿನ ನೀರು ಹರಿಯುವ ಕೊಳವೆಗಳಲ್ಲಿ ಉಪ್ಪೋ ತುಕ್ಕೋ ಕಟ್ಟಿರಬಹುದು.

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಳೆಗಾಲದ ಕಡಲೂ ಪರೀಕ್ಷೆಗೆ ಒಗ್ಗದು. ಈ ಅವಧಿಯಲ್ಲಿ ಕೊಳ್ಳುವವನು ಬೋಟು ಆಗಸ್ಟಿನಲ್ಲಿ ಕಡಲಿಗಿಳಿದು ಮರಳುವ ತನಕ ಬೆಲೆಯ ಒಂದು ಪಾಲನ್ನು ಕೈಯಲ್ಲಿ ಉಳಿಸಿಕೊಳ್ಳುವಂತೆ ಕರಾರು ಬರೆಸಿಕೊಳ್ಳುವುದು ಉತ್ತಮ. ಅದಕ್ಕೆ ಮಾರುವವನು ಒಪ್ಪಲಿಲ್ಲವೆ? ಬಂದರಿನಲ್ಲಿ ಬೇರೆ ಬೋಟುಗಳೂ ಕಟ್ಟಿಯೇ ಇರುತ್ತವೆ.